ಕ್ರೇಲಿಸನ ಕಿಟಕಿ ಸ್ಟೂಲು

ಆಸ್ಪತ್ರೆಯವರು ಕೊಟ್ಟ ದಿಂಬಿನ ನಡುವೆ ಒಂದು ತೂತು ಇತ್ತು. ಅವತ್ತಿನ ತಾಪತ್ರಯಕ್ಕೆಲ್ಲ ಆ ತೂತೇ ಮೂಲ.

ನೀಲಿ ಬಟ್ಟೆ ಹೊದಿಸಿದ, ಮೆತ್ತಗಿನ, ಗುಂಡಗಿನ ದಿಂಬು. ಹಿಂದಿನ ದಿನ ಲೇಂಡರ್ಟನ ಎಡಗಣ್ಣಿಗೆ ಆಪರೇಷನ್ ಆಗಿತ್ತು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಸಣ್ಣ ತೂತು ಬಿದ್ದಿದೆಯೆಂದು ಡಾಕ್ಟರು ಏನೋ ಕೆಲಸ ಮಾಡಿ, ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟು ಕಳಿಸಿದ್ದರು. ಬೆಳಿಗ್ಗೆ ನರ್ಸು ಪಟ್ಟಿ ಬಿಚ್ಚಿ, ಕೈಯಲ್ಲಿ ಈ ದಿಂಬು ಕೊಟ್ಟು, ಬಹಳ ಹೊತ್ತು ಬುದ್ಧಿ ಹೇಳಿದಳು. ಲೇಂಡರ್ಟ್ ಎಲ್ಲದಕ್ಕೂ ಹೂಂಗುಟ್ಟಿದ. ಆದರೆ ಅವನ ಮನಸ್ಸು ಅಲ್ಲಿರಲಿಲ್ಲ, ‘ಮೂರು ಕೊಕ್ಕರೆ’ ಪಡಖಾನೆಯ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಆಗಲೇ ಹೋಗಿ ಕೂತಿತ್ತು.

ಟ್ರಾಮಿನಲ್ಲಿ ಮನೆಗೆ ಬರುವಾಗ ಮೇಲಿನ ಮಹಡಿಯ ಯಾನಿ ಕೇಳಿದಳು. ಅವನನ್ನು ಕರೆತರಲು ಹೋದವಳು ಅವಳೇ. ನರ್ಸು ಮಾತಾಡುವಾಗ ಮಾತ್ರ ಕಾಫಿ ಕುಡಿಯಲು ಹೊರಗೆ ಹೋಗಿದ್ದಳು.

“ಏನಂದಳು ನರ್ಸು?”

“ಒಂದು ವಾರ ಅಂದಳು. ಹಗಲೂ ರಾತ್ರಿ ಅಂದಳು.”

“ಏನು ಒಂದು ವಾರ?”

“ಅದೇ… ತಲೆ ವಿಷಯ ಏನೋ ಹೇಳ್ತಿದ್ದಳು.”

“ತಲೇನಾ? ಹಂಗಾದರೆ ಗೊತ್ತಾಯ್ತು ಬಿಡು. ನನ್ನ ಎರಡೂ ಕಣ್ಣಿನ ಪೊರೆ ತೆಗೆದಾಗ ಅದನ್ನೇ ಹೇಳಿದ್ದು. ತಲೆ ಬಗ್ಗಿಸೋ ಹಾಗಿಲ್ಲ. ಶೂ ಲೇಸೂ ಕಟ್ಟೋ ಹಾಗಿಲ್ಲ. ಬಗ್ಗಿದೆಯೋ, ಕಣ್ಣು ಹೋಯ್ತು ಅಂತಲೇ ಲೆಕ್ಕ.”

“ಮತ್ತೆ ಈ ದಿಂಬು?”

ಯಾನಿ ದಿಂಬನ್ನು ಹಿಸುಕಿ ನೋಡಿದಳು. ತೂತಿನೊಳಗೆ ಕೈ ತೂರಿಸಿದಳು. ಆಮೇಲೆ ಅದನ್ನು ಮುಖದ ಮುಂದೆ ಹಿಡಿದು ತೂತಿನಿಂದಲೇ ಅವನನ್ನು ನೋಡುತ್ತ ತೀರ್ಪು ಕೊಟ್ಟಳು: “ಕೂರೋಕೆ ಕಣಪ್ಪ. ಒಂದು ವಾರ ನೆಟ್ಟಗೆ ಕೂರಬೇಕಲ್ಲ, ಕೆಳಗೆ ನೋವಾಗಬಾರದು ಅಂತ. ಈಗಿನ ಆಸ್ಪತ್ರೆಯವರು ಎಲ್ಲಾ ಯೋಚನೆ ಮಾಡಿರ್ತಾರೆ.”

ಲೇಂಡರ್ಟ್ ಆ ಗಳಿಗೆಯಿಂದ ಕತ್ತು ನೆಟ್ಟಗೆ ಮಾಡಿದವನು, ಇಳಿಯುವ ನಿಲ್ದಾಣದ ಹೆಸರನ್ನೂ ಕಣ್ಣು ಮಾತ್ರ ತಿರುಗಿಸಿ ಓದಿದ.

ಬೇರೆ ದಿನವಾಗಿದ್ದರೆ ಅವನು ಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ, ಈಚೆಗೆ ತೀರಿಕೊಂಡ ಕ್ರೇಲಿಸನ ಸ್ಟೂಲು ಕೈ ಬದಲಾಗುವುದಿತ್ತು.

ಆಮ್‌ಸ್ಟರ್‌ಡ್ಯಾಮ್ ನೋಡಲು ಬಂದವರು ಕೈಯಲ್ಲಿ ಪುಸ್ತಕ ಹಿಡಿದು, ನೋಡಲೇಬೇಕಾದ ಪಡಖಾನೆಗಳನ್ನು ಸುತ್ತುತ್ತಾರೆ. ಬಣ್ಣದ ದೀಪದವು, ಕುಣಿತದವು, ದೋಣಿಯ ಮೇಲಿನವು. ‘ಮೂರು ಕೊಕ್ಕರೆ’ಗೆ ಆ ಪುಸ್ತಕದಲ್ಲಿ ಕೊನೆಯ ಪುಟದ ಕೆಳಗಡೆ ಒಂದೇ ಸಾಲು. ಕಾಲುವೆಯ ದಂಡೆಯ ಆ ಸಣ್ಣ ಅಂಗಡಿಯಲ್ಲಿ ಸಂಗೀತವಿಲ್ಲ, ಊಟವಿಲ್ಲ, ಕುರ್ಚಿಯೂ ಇಲ್ಲವೆಂದೇ ಹೇಳಬೇಕು. ಇರುವುದು ಯೆನೇವರ್ ಎಂಬ ಸಾರಾಯಿ, ಅದನ್ನು ಕುಡಿಯುವ ಒಂದು ಕ್ರಮ. ಹೂವಿನ ಮೊಗ್ಗಿನಷ್ಟು ದೊಡ್ಡ ಗ್ಲಾಸಿಗೆ, ಅಂಚಿಗಿಂತ ಒಂದು ಕೂದಲೆಳೆ ಮೇಲಕ್ಕೆ ಉಬ್ಬುವ ಹಾಗೆ ತುಂಬಿಸಿ ಕೌಂಟರಿನ ಮೇಲಿಡುತ್ತಾರೆ. ಎತ್ತಿದರೆ ಚೆಲ್ಲುತ್ತದೆ. ಅದಕ್ಕೇ ಕೈ ಬೆನ್ನ ಹಿಂದೆ ಕಟ್ಟಿ, ತಲೆ ಬಾಗಿಸಿ, ಮೊದಲ ಗುಟುಕನ್ನು ಬಾಯಿಂದಲೇ ಹೀರಬೇಕು. ಮೇಯರ್ ಬಂದರೂ ಅಲ್ಲಿ ಬಾಗಲೇಬೇಕು.

ಇನ್ನು ಆ ಸ್ಟೂಲು. ಗಿರಾಕಿಗಳೆಲ್ಲ ಕೌಂಟರಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅದಕ್ಕೆ ಬೆನ್ನು ತಿರುಗಿಸುವುದು ಆ ಅಂಗಡಿಯಲ್ಲಿ ಅಸಭ್ಯ. ಕಿಟಕಿಯ ಕೆಳಗಿನ ಅರ್ಧಕ್ಕೆ ಹಳೆಯ ಬಣ್ಣ ಬಳಿದಿತ್ತು. ಹೊರಗಿನ ಕಾಲುವೆ ಕಾಣುತ್ತಿದ್ದುದು ಇಬ್ಬರಿಗೇ. ಕೌಂಟರಿನ ಹಿಂದೆ ಹಲಗೆಯ ಮೇಲೆ ನಿಂತ ಒಡತಿ ರೀಕತ್ತೆಗೆ, ಮತ್ತು ಕೊನೆಯ ಮೂಲೆಯ ಎತ್ತರದ ಸ್ಟೂಲಿನಲ್ಲಿ ಕೂತವನಿಗೆ. ರೀಕತ್ತೆಗೆ ಮಾತು ಕಡಿಮೆ. ಹಾಗಾಗಿ ಸ್ಟೂಲಿನವನೇ ನೀರಿನ ಮೇಲೆ ಹೋಗುವುದನ್ನೆಲ್ಲ ನೋಡಿ ಉಳಿದವರಿಗೆ ಹೇಳಬೇಕು. ಅದು ಅವನ ಕೆಲಸ, ಅದೇ ಅವನ ಮರ್ಯಾದೆ. ಆ ಜಾಗ ಖಾಲಿಯಾಗುವುದು ಕೂತವನು ತೀರಿಕೊಂಡಾಗ ಮಾತ್ರ.

“ಮರಳು ದೋಣಿ,” ಎನ್ನುತ್ತಿದ್ದ ಮುದುಕ ಕ್ರೇಲಿಸ್. “ನಡೆಸೋನಿಗೆ ಕೆಂಪು ಟೋಪಿ. ಮುಂದುಗಡೆ ನಾಯಿ ಕೂತಿದೆ.”

ಎಲ್ಲರೂ ಗ್ಲಾಸು ನೋಡುತ್ತಲೇ ತಲೆಯಾಡಿಸುತ್ತಿದ್ದರು. ಆ ಮಾತು ಕೇಳಿದರೆ ದಿನ ಸರಿಯಾಗಿ ನಡೆಯುತ್ತಿದೆ ಎನ್ನಿಸುತ್ತಿತ್ತು.

ಲೇಂಡರ್ಟನಿಗೆ ಆ ಸ್ಟೂಲಿನ ಆಸೆ ಹುಟ್ಟಲು ಕಾರಣವಿತ್ತು. ಅವನು ಕೆಲಸದ ವಯಸ್ಸೆಲ್ಲ ಟ್ರಾಮು ಓಡಿಸಿದವನು. ದಿನಾ ಎಷ್ಟೋ ಸೇತುವೆ ದಾಟಿದರೂ ಒಮ್ಮೆಯೂ ನೀರು ನೋಡಿದವನಲ್ಲ. ಹಳಿಯ ಮೇಲಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಹೆಂಡತಿಯ ಜೊತೆ ಕಾಲುವೆ ದಂಡೆಯಲ್ಲಿ ಕೂರೋಣವೆಂದುಕೊಂಡಿದ್ದ. ಅವಳು ಅಷ್ಟು ದಿನ ಉಳಿಯಲಿಲ್ಲ. ಇನ್ನು ಉಳಿದಿದ್ದು ಈ ಸ್ಟೂಲು. ಕ್ರೇಲಿಸನ ನಂತರದ ಸರದಿ ಅವನದು, ಅವನು ತಪ್ಪಿದರೆ ಬೆರ್ಟುಸನದು. ಕಣ್ಣು ಸರಿಯಿಲ್ಲ ಎಂದು ಯಾರಿಗಾದರೂ ತಿಳಿದರೆ ಕಾವಲು ಕೂರುವ ಜಾಗ ಅವನಿಗೆ ಕೊಟ್ಟಾರೆಯೇ? ಅದಕ್ಕೇ ಕಪ್ಪು ಕನ್ನಡಕ ಹಾಕಿಕೊಂಡು, ಕಂಕುಳಲ್ಲಿ ದಿಂಬು ಇಟ್ಟುಕೊಂಡು, ಆಪರೇಷನ್ನಿನ ವಿಷಯ ಯಾರಿಗೂ ಹೇಳಬಾರದೆಂದು ನಿಶ್ಚಯ ಮಾಡಿ ಹೊರಟ.

ಪಡಖಾನೆ ತುಂಬಿತ್ತು. ಗೋಡೆಯ ಬದಿಯ ಒಂದೇ ಒಂದು ಬೆಂಚಿನ ಮೇಲೆ ಲೇಂಡರ್ಟ್ ದಿಂಬು ಹಾಕಿ, ಕಂಬ ನಿಲ್ಲಿಸಿದ ಹಾಗೆ ಕೂತ.

“ನವೆಂಬರಲ್ಲಿ ಕಪ್ಪು ಕನ್ನಡಕ!” ಎಂದ ಬೆರ್ಟುಸ್. ಮೀನು ಮಾರಿ ಮಾರಿ ಅವನ ಗಂಟಲು ಬೀದಿಗೆಲ್ಲ ಕೇಳುವ ಹಾಗೆ ಬೆಳೆದಿತ್ತು. “ಅದೇನೋ ಕೆಳಗೆ, ಮೆತ್ತೆ? ಮೂಲವ್ಯಾಧಿಯೇನೋ?”

ಲೇಂಡರ್ಟ್ ಒಂದು ಗಳಿಗೆ ಯೋಚಿಸಿದ. ಕಣ್ಣಿನ ಮಾತು ಬರುವುದಕ್ಕಿಂತ ಇದೇ ವಾಸಿ.

“ಹೂಂ,” ಎಂದ.

“ಏನಂದೆ? ಕೇಳಿಸಲಿಲ್ಲ.”

“ಹೂಂ ಅಂದೆ ಮಾರಾಯ. ಮೂಲವ್ಯಾಧಿ.”

ಇಡೀ ಅಂಗಡಿ ಅವನ ಕಡೆ ಮರುಕದಿಂದ ತಿರುಗಿತು. ಒಬ್ಬ ಮದ್ದಿಗೆ ಬಿಸಿನೀರಿನ ತೊಟ್ಟಿ ಎಂದ, ಇನ್ನೊಬ್ಬ ಒಣದ್ರಾಕ್ಷಿ ಎಂದ. ಊರು ನೋಡಲು ಬಂದ ಸ್ವೀಡನ್ನಿನ ಗಂಡಹೆಂಡಿರಿಬ್ಬರು ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದರು. ಅವರಿಗೆ ಮಾತು ತಿಳಿಯಲಿಲ್ಲವೆಂದು ಬೆರ್ಟುಸ್ ಕೈಸನ್ನೆಯಲ್ಲಿ ವಿವರಿಸಿದ. ಆ ಹೆಂಗಸು ಲೇಂಡರ್ಟನ ಭುಜ ತಟ್ಟಿ ಸಮಾಧಾನ ಹೇಳಿದಳು.

ಅಷ್ಟರಲ್ಲಿ ರೀಕತ್ತೆ ಎಲ್ಲರ ಮುಂದೂ ಗ್ಲಾಸು ತುಂಬಿಸಿ, ಸೆರಗಿನಂಥ ತನ್ನ ಬಿಳಿ ಏಪ್ರನ್ನಿಗೆ ಕೈ ಒರೆಸಿಕೊಂಡಳು. “ಕ್ರೇಲಿಸನಿಗೆ,” ಎಂದಳು. ಲೇಂಡರ್ಟನೂ ಬೆಂಚಿನಿಂದ ಎದ್ದು ತನ್ನ ಗ್ಲಾಸಿನ ಮುಂದೆ ಬಂದು ನಿಂತ.

ಕ್ರೇಲಿಸನ ತಂಗಿ ಫೀಚೆ ಮುಂದೆಯೇ ನಿಂತಿದ್ದಳು, ಅವಳೇ ಮೊದಲು ಬಾಗಿದಳು. ಆಮೇಲೆ ಎಲ್ಲರೂ ಕೈ ಹಿಂದೆ ಕಟ್ಟಿ ಬಾಗಿದರು. ಸ್ವೀಡನ್ನಿನವರು ಪುಸ್ತಕದಲ್ಲಿ ಬರೆದಿದ್ದ ಹಾಗೆಯೇ ಅಚ್ಚುಕಟ್ಟಾಗಿ ಬಾಗಿದರು. ಅಷ್ಟೂ ಬಾಗಿದ ಬೆನ್ನುಗಳ ನಡುವೆ ಲೇಂಡರ್ಟ್ ಒಬ್ಬನೇ ಕಪ್ಪು ಕನ್ನಡಕದಲ್ಲಿ, ಮೀನು ಕಾಯುವ ಕೊಕ್ಕರೆಯಂತೆ ನೆಟ್ಟಗೆ ನಿಂತಿದ್ದ.

ಎಲ್ಲರೂ ತಲೆ ಎತ್ತಿದರು. ಅವನ ಗ್ಲಾಸು ತುಂಬಿಯೇ ಇತ್ತು.

“ನಮ್ಮಣ್ಣನಿಗೆ ಬಾಗಲ್ವಾ ನೀನು?” ಎಂದಳು ಫೀಚೆ ಮೆಲ್ಲಗೆ.

“ಬಾಗ್ತೀನಿ ಫೀಚೆ. ಇವತ್ತು ಸ್ವಲ್ಪ…”

“ನಂಗೆ ಗೊತ್ತು!” ಬೆರ್ಟುಸ್ ಬಾಯಿ ಹಾಕಿದ. “ಆ ಟ್ರಾಮಿನ ವಿಷಯ. ಹಿಂದೆ ಒಂದು ಸಲ ಮಳೇಲಿ ಕ್ರೇಲಿಸ್ ಕೈ ಬೀಸಿಕೊಂಡು ಓಡಿ ಬಂದರೂ ಇವನು ನಿಲ್ಲಿಸದೆ ಹೋದನಲ್ಲ, ಕ್ರೇಲಿಸ್ ಕಚೇರಿಗೆ ಹೋಗಿ ದೂರು ಕೊಟ್ಟನಲ್ಲ, ಅದು. ಇನ್ನೂ ಹೊಟ್ಟೇಲಿ ಇಟ್ಕೊಂಡಿದ್ದೀಯೇನೋ? ಸತ್ತವನ ಮೇಲೂ ಸಿಟ್ಟಾ?”

ಲೇಂಡರ್ಟನಿಗೆ ಅಂಥದ್ದೊಂದು ನಡೆದಿತ್ತೆಂಬುದೇ ನೆನಪಿರಲಿಲ್ಲ. ಆದರೆ ಉಳಿದವರಿಗೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಅವತ್ತು ಆಲಿಕಲ್ಲು ಬಿದ್ದಿತ್ತೆಂದು ಒಬ್ಬ, ಕ್ರೇಲಿಸನಿಗೆ ಆಮೇಲೆ ಎದೆಗೆ ಶೀತವಾಯಿತೆಂದು ಇನ್ನೊಬ್ಬ. ಹೇಳುತ್ತ ಹೇಳುತ್ತ, ಕ್ರೇಲಿಸ್ ಈಗ ಸತ್ತದ್ದೂ ಅದೇ ಶೀತದಿಂದ ಎನ್ನುವ ಮಟ್ಟಕ್ಕೆ ಬಂತು. ಫೀಚೆ ಕರವಸ್ತ್ರ ತೆಗೆದಳು.

“ಬಾಗಲ್ಲ ಅಂದೋರು ಯಾರು? ಟೋಪಿ ಬಿದ್ದೋಯ್ತು, ತಗೋತೀನಿ,” ಎಂದ ಲೇಂಡರ್ಟ್. ಟೋಪಿಯನ್ನು ತಾನೇ ಬೀಳಿಸಿ, ಕತ್ತು ಅಲ್ಲಾಡಿಸದೆ ಮೊಣಕಾಲೂರಿದ. ಹಾಗೆ ಕೂತರೆ ಬಾಯಿ ಗ್ಲಾಸಿನ ಮಟ್ಟಕ್ಕೆ ಬಂದೀತೆಂದು ಅವನ ಎಣಿಕೆ. ಬಾಯಿ ಬಂದದ್ದು ಕೌಂಟರಿನ ಒಂದು ಗೇಣು ಕೆಳಗೆ. ಅಲ್ಲಿ ನಿಂತಿದ್ದದ್ದು ಬೆರ್ಟುಸನ ಬೆಲ್ಟಿನ ಬಕಲು.

“ನನ್ನ ಹತ್ತಿರ ಕ್ಷಮೆ ಕೇಳಬೇಡ ಕಣೋ, ಫೀಚೆ ಹತ್ತಿರ ಕೇಳು,” ಎಂದ ಬೆರ್ಟುಸ್.

ರೀಕತ್ತೆ ಇದನ್ನೆಲ್ಲ ನೋಡುತ್ತಿದ್ದಳು. ಖಾಲಿ ಸ್ಟೂಲಿನ ಮುಂದೆ ಕ್ರೇಲಿಸನ ಸ್ವಂತ ಗ್ಲಾಸನ್ನಿಟ್ಟು, ಕೊನೆಯ ತೊಟ್ಟನ್ನು ಬಾಟಲಿಯ ಬಾಯಿಂದ ಎಣ್ಣೆ ಬಿಡುವ ಹಾಗೆ ಬಿಟ್ಟಳು. ಯೆನೇವರ್ ಅಂಚಿನ ಮೇಲೆ ಉಬ್ಬಿ ನಿಂತು ನಡುಗಿತು.

“ಸರದಿ ಲೇಂಡರ್ಟ್‌ದು,” ಎಂದಳು. “ಕೈ ಹಿಂದೆ. ಒಂದು ತೊಟ್ಟು ಮರದ ಮೇಲೆ ಬೀಳಬಾರದು. ಬಿದ್ದರೆ ಬೆರ್ಟುಸ್.”

ಬೆರ್ಟುಸ್ ಆಗಲೇ ಸ್ಟೂಲು ಏರುವವನ ಹಾಗೆ ಕೋಟಿನ ಗುಂಡಿ ಹಾಕಿಕೊಂಡ.

ಲೇಂಡರ್ಟ್ ಎದ್ದು ಬಂದು ಗ್ಲಾಸನ್ನು ನೋಡಿದ, ಸ್ಟೂಲನ್ನು ನೋಡಿದ. ಬಗ್ಗಿದರೆ ಕಣ್ಣು ಹೋಗುತ್ತದೆ, ಬಗ್ಗದಿದ್ದರೆ ಸ್ಟೂಲು ಹೋಗುತ್ತದೆ. ಕಣ್ಣಿಲ್ಲದೆ ಸ್ಟೂಲು ಸಿಕ್ಕರೂ ಉಪಯೋಗವಿಲ್ಲ. ಕಣ್ಣು ಉಳಿದು ಸ್ಟೂಲು ಹೋದರೆ, ನೋಡುವುದಕ್ಕೆ ಮನೆಯ ಅಡುಗೆಕೋಣೆಯ ಗೋಡೆ ಬಿಟ್ಟು ಬೇರೇನಿದೆ?

“ರೀಕತ್ತೆ, ಗ್ಲಾಸಿನ ಕೆಳಗೆ ಏನಾದರೂ ಇಡಬಹುದಾ? ಸ್ವಲ್ಪ ಎತ್ತರ…”

ಸ್ವೀಡನ್ನಿನವನು ಕೈಸನ್ನೆಯಿಂದಲೇ ಅರ್ಥ ಮಾಡಿಕೊಂಡು ತನ್ನ ಪುಸ್ತಕ ಮುಂದೆ ಚಾಚಿದ. ನೋಡಲೇಬೇಕಾದ ಪಡಖಾನೆಗಳೆಲ್ಲ ಅದರೊಳಗಿದ್ದವು, ದಪ್ಪ ಪುಸ್ತಕ.

“ಗ್ಲಾಸು ಮರದ ಮೇಲೇ ಇರಬೇಕು,” ಎಂದಳು ರೀಕತ್ತೆ. “ನಮ್ಮಜ್ಜನ ಕಾಲದಿಂದ ಹಾಗೇ ಇದೆ.”

ಸ್ವೀಡನ್ನಿನವನು ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡ.

ಆಗ ಲೇಂಡರ್ಟ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ಎರಡೂ ಪಾದಗಳನ್ನು ಅಗಲಿಸಿದ. ಬೆನ್ನನ್ನಾಗಲಿ ಕತ್ತನ್ನಾಗಲಿ ಒಂದಿಷ್ಟೂ ಬಗ್ಗಿಸದೆ, ಮೊಣಕಾಲುಗಳನ್ನು ಮಾತ್ರ ಮಡಿಸುತ್ತ, ದೋಣಿ ದಾಟಿದ ಮೇಲೆ ಎತ್ತುಸೇತುವೆ ಇಳಿಯುವ ಹಾಗೆ ನಿಧಾನವಾಗಿ ಇಳಿಯತೊಡಗಿದ. ಹಳೆಯ ಮೊಣಕಾಲುಗಳು ಟ್ರಾಮು ತಿರುವಿನಲ್ಲಿ ಕಿರುಗುಟ್ಟುವ ಹಾಗೆ ಕಿರುಗುಟ್ಟಿದವು. ತೊಡೆ ನಡುಗಿತು. ಹಣೆಯ ಬೆವರು ಕನ್ನಡಕದ ಕೆಳಗಿನಿಂದ ಹರಿದು ಗದ್ದಕ್ಕೆ ಬಂತು. ಅದು ಮರದ ಮೇಲೆ ಬಿದ್ದರೆ ಬೆರ್ಟುಸ್ ಒಪ್ಪುತ್ತಾನೋ ಇಲ್ಲವೋ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಗದ್ದ ಕೌಂಟರಿನ ಅಂಚು ದಾಟಿತು. ತುಟಿ ಗ್ಲಾಸಿಗೆ ತಾಗಿತು. ಹೀರಿದ ಸದ್ದು ಮೂಲೆ ಮೂಲೆಗೂ ಕೇಳಿಸಿತು.

ರೀಕತ್ತೆ ಕೌಂಟರಿನ ಮೇಲೆ ಬೆರಳಾಡಿಸಿ ನೋಡಿದಳು. ಒಣಗಿತ್ತು.

ಫೀಚೆ ಬಿಕ್ಕಿದಳು. “ಬಗ್ಗಿದ್ದು ಸಾಲಲ್ಲ ಅಂತ ಪೂರ್ತಿ ಕೆಳಗಿಳಿದುಬಿಟ್ಟ. ನಮ್ಮಣ್ಣನಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.”

“ಅದೂ ಮೂಲವ್ಯಾಧಿ ಇಟ್ಕೊಂಡು!” ಎಂದ ಯಾರೋ.

ಲೇಂಡರ್ಟನಿಗೆ ಏಳಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡುಬಿಟ್ಟಿದ್ದವು. ಆ ಊರಲ್ಲಿ ಮಾಳಿಗೆಯ ಕೊಕ್ಕೆಗೆ ಹಗ್ಗ ಕಟ್ಟಿ ಕಪಾಟು ಏರಿಸುವ ಹಾಗೆ ನಾಲ್ಕೂ ಕಡೆಯಿಂದ ಹಿಡಿದು, “ನಿಧಾನ, ಓರೆ ಮಾಡಬೇಡ್ರೋ” ಎನ್ನುತ್ತ ಅವನನ್ನು ಸ್ಟೂಲಿಗೆ ಏರಿಸಿದರು. ಹೆಚ್ಚು ಭಾರ ಹೊತ್ತವನು ಬೆರ್ಟುಸನೇ. ದಿಂಬನ್ನು ಅಡಿಗಿಟ್ಟವನೂ ಅವನೇ. “ಹೋಗಲಿ, ನೀನೇ ಕೂತ್ಕೋ,” ಎಂದು ಗೊಣಗಿದ.

ಲೇಂಡರ್ಟ್ ಸ್ಟೂಲಿನ ಮೇಲೆ ಕೂತ. ಕೊನೆಗೂ ಕೂತ. ಮೊದಲು ಉಸಿರು ಸಮ ಆಗಲಿ, ಕನ್ನಡಕ ಒರೆಸಿಕೊಳ್ಳೋಣ, ಆಮೇಲೆ ಸಾವಕಾಶವಾಗಿ ತಿರುಗಿ ನೀರು ನೋಡೋಣ ಎಂದುಕೊಂಡ. ಇಷ್ಟು ವರ್ಷ ಕಾದವನಿಗೆ ಅವಸರವೇನು?

ಅವನು ಕನ್ನಡಕ ಒರೆಸುತ್ತಿರುವಾಗಲೇ ಬಾಗಿಲು ದಡಾರೆಂದು ತೆರೆಯಿತು. ಯಾನಿ ಏದುಸಿರು ಬಿಡುತ್ತ ನಿಂತಿದ್ದಳು.

“ಲೇಂಡರ್ಟ್! ತಲೆ ಕೆಳಗೆ! ಈ ಕ್ಷಣಾನೇ ತಲೆ ಕೆಳಗೆ ಹಾಕು!”

“ಏನೇ ಅದು?”

“ನಿನ್ನ ಬೆಕ್ಕಿಗೆ ಹಾಲಿಡೋಕೆ ಹೋಗಿದ್ದೆ, ಫೋನು ಬಡ್ಕೋತಿತ್ತು. ಆಸ್ಪತ್ರೆ ನರ್ಸು. ಹೇಗಿದಾರೆ ಅಂದಳು. ನಾನು ಹೆಮ್ಮೆಯಿಂದ ಹೇಳಿದೆ, ಬೆಳಿಗ್ಗೆಯಿಂದ ಕತ್ತು ಒಂದು ಚೂರೂ ಬಗ್ಗಿಸಿಲ್ಲ ಅಂತ. ಅವಳು ಕಿರುಚಿಕೊಂಡಳು ನೋಡು! ನನ್ನ ಕಣ್ಣಿಂದು ಬೇರೆ ಕಾಯಿಲೆ ಅಂತೆ, ನಿಂದೇ ಬೇರೆ ಅಂತೆ. ನೀನು ಒಂದು ವಾರ ಮುಖ ನೆಲಕ್ಕೆ ಹಾಕಿಕೊಂಡೇ ಇರಬೇಕಂತೆ. ಆಗ ಮಾತ್ರ ಆ ಗಾಳಿ ಗುಳ್ಳೆ ತೂತು ಒತ್ತಿ ಹಿಡಿಯೋದಂತೆ. ನಾಳೆ ಬೆಳಿಗ್ಗೆ ಬಾ ಅಂದಿದಾಳೆ, ಮತ್ತೆ ಆಪರೇಷನ್ ಆದರೂ ಆಗಬಹುದಂತೆ. ಅಲ್ಲಿವರೆಗೆ ಎಲ್ಲಾದರೂ ಇರಲಿ, ಮುಖ ಮಾತ್ರ ಕೆಳಗೆ ಅಂದಳು.”

“ಮತ್ತೆ ದಿಂಬು?” ಎಂದ ಲೇಂಡರ್ಟ್ ಸಣ್ಣ ದನಿಯಲ್ಲಿ.

“ಅದು ಮುಖ ಇಡೋಕಂತೆ,” ಎಂದಳು ಯಾನಿ. “ಉಸಿರಾಡೋಕೆ ತೂತು.”

ಎಲ್ಲರೂ ದಿಂಬು ಇದ್ದ ಜಾಗವನ್ನು ನೋಡಿದರು.

“ಕಣ್ಣಾ?” ಎಂದ ಬೆರ್ಟುಸ್. “ಮೂಲವ್ಯಾಧಿ ಅಲ್ವಾ? ಕಣ್ಣು ಸರಿಯಿಲ್ಲದೋನು ಕಾವಲು ಜಾಗಕ್ಕೆ ಬಂದನಾ? ರೀಕತ್ತೆ, ಇದು ನ್ಯಾಯಾನಾ?”

ರೀಕತ್ತೆ ಗ್ಲಾಸು ಒರೆಸುತ್ತಿದ್ದಳು. “ಬೆವರು ಬಿಟ್ಟರೂ ತೊಟ್ಟು ಬಿಡಲಿಲ್ಲ ಅವನು,” ಎಂದಳು. “ಒಂದು ಸಲ ಕೂತ ಮೇಲೆ ಸಾಯೋವರೆಗೂ ಅವನದೇ. ಆದರೆ ಕೂತೋನು ಕೆಲಸ ಮಾಡಬೇಕು. ಮೊದಲ ದಿನ ಅಂಗಡಿ ಮುಚ್ಚೋವರೆಗೂ ಎದ್ದು ಹೋಗೋ ಹಾಗಿಲ್ಲ.”

ಯಾನಿ ದಿಂಬನ್ನು ಎಳೆದು, ಕರವಸ್ತ್ರದಿಂದ ಚೆನ್ನಾಗಿ ಒರೆಸಿ, ಕೌಂಟರಿನ ಮೇಲಿಟ್ಟಳು. ಲೇಂಡರ್ಟ್ ಬಾಗಿದ. ದಿನವೆಲ್ಲ ಉಳಿಸಿಕೊಂಡು ಬಂದ ಬಾಗುವಿಕೆಯನ್ನು ಒಂದೇ ಸಲಕ್ಕೆ ಬಾಗಿ, ತೂತಿನಲ್ಲಿ ಮುಖವಿಟ್ಟ. ಕಾಣಿಸಿದ್ದು ಮರದ ಒಂದು ಗಂಟು. ಅದೂ ಒಂದು ಕಣ್ಣಿಗೆ. ಇನ್ನೊಂದು ಕಣ್ಣಿನಲ್ಲಿ ಗುಳ್ಳೆ ತೇಲುತ್ತಿತ್ತು.

ಅಂಗಡಿ ನಿಧಾನವಾಗಿ ತನ್ನ ಹಳೆಯ ಗುಜುಗುಜಿಗೆ ಮರಳಿತು. ಆಮೇಲೆ ಎಂದಿನ ಹಾಗೆ ಅದು ತಾನಾಗಿ ನಿಂತು ಮೌನವಾಯಿತು. ಕ್ರೇಲಿಸ್ ಮಾತಾಡುತ್ತಿದ್ದ ಹೊತ್ತು ಅದು. ಎಲ್ಲರೂ ಕೌಂಟರಿಗೆ ಮುಖ ಮಾಡಿ, ಬೆನ್ನು ಕಿಟಕಿಗೆ ಕೊಟ್ಟು ಕಾದರು.

“ಲೇಂಡರ್ಟ್,” ಎಂದಳು ರೀಕತ್ತೆ. “ಏನು ಹೋಗ್ತಿದೆ ನೀರಿನ ಮೇಲೆ?”

ಲೇಂಡರ್ಟ್ ಮರದ ಗಂಟನ್ನು ನೋಡಿದ. ಅದರ ಸುತ್ತ ಸಣ್ಣ ಸಣ್ಣ ಸುಳಿಗಳಿದ್ದವು.

“ಮರಳು ದೋಣಿ,” ಎಂದಿತು ದಿಂಬಿನೊಳಗಿನ ದನಿ. “ನಡೆಸೋನಿಗೆ… ಕೆಂಪು ಟೋಪಿ. ಮುಂದುಗಡೆ ನಾಯಿ.”

ಒಬ್ಬೊಬ್ಬರಾಗಿ ತಲೆಯಾಡಿಸಿದರು. ಬೆರ್ಟುಸ್ ಮಾತ್ರ ತಡೆಯಲಾರದೆ, ಆ ಅಂಗಡಿಯಲ್ಲಿ ಯಾರೂ ಮಾಡದ್ದನ್ನು ಮಾಡಿದ. ಕೌಂಟರಿಗೆ ಬೆನ್ನು ತಿರುಗಿಸಿ, ಬೆಂಚು ಹತ್ತಿ, ಬಣ್ಣದ ಗಾಜಿನ ಮೇಲಿಂದ ಹೊರಗೆ ನೋಡಿದ.

“ಯಾವ ದೋಣೀನೂ ಇಲ್ಲ!” ಎಂದ.

ರೀಕತ್ತೆ ಗ್ಲಾಸು ಕೆಳಗಿಟ್ಟಳು. “ಬೆರ್ಟುಸ್, ಆ ಸ್ಟೂಲು ಯಾರದು?”

“ಲೇಂಡರ್ಟ್‌ದು.”

“ಹಂಗಾದರೆ ದೋಣಿ ಇದೆ. ಇಳಿ ಕೆಳಗೆ.”

ಬೆರ್ಟುಸ್ ಇಳಿದ. ಗ್ಲಾಸಿನ ಮುಂದೆ ಹೋಗಿ ನಿಂತು, ಸ್ವಲ್ಪ ಹೊತ್ತಾದ ಮೇಲೆ ಅವನೂ ತಲೆಯಾಡಿಸಿದ.

ಫೀಚೆ ಸ್ಟೂಲಿನ ಹತ್ತಿರ ಬಂದು ದಿಂಬಿನ ಪಕ್ಕಕ್ಕೆ ಬಾಯಿ ತಂದಳು.

“ಸರಿಯಾಗಿ ಹೇಳಿದೆ,” ಎಂದು ಪಿಸುಗುಟ್ಟಿದಳು. “ನಮ್ಮಣ್ಣನೂ ಹಂಗೇ ಹೇಳ್ತಿದ್ದ. ಅವನಿಗೆ ಕಣ್ಣು ಹೋಗಿ ಬಹಳ ವರ್ಷ ಆಗಿತ್ತು ಕಣೋ. ದಿನಾ ನಾನೇ ಕೈ ಹಿಡಿದು ಬಾಗಿಲವರೆಗೆ ತಂದು ಬಿಡ್ತಿದ್ದೆ. ಮರಳು ದೋಣಿ ಈ ಕಾಲುವೇಲಿ ಬರೋದು ನಿಂತೇ ಎಷ್ಟೋ ಕಾಲ ಆಯ್ತು. ರೀಕಿಗೆ ಗೊತ್ತು. ಅವಳಿಗೆ ಕಾಣುತ್ತಲ್ಲ.”

ಅವಳು ಅವನ ಬೆನ್ನು ಸವರಿ ಹೋದಳು.

ಲೇಂಡರ್ಟ್ ಆ ಮೂಲೆಯಿಂದ ಕೇಳಿದ ದೋಣಿಗಳನ್ನೆಲ್ಲ ನೆನೆದ. ಅಷ್ಟೊಂದು ಮರಳು, ಅಷ್ಟೊಂದು ಕೆಂಪು ಟೋಪಿ, ಆ ನಾಯಿ. ಯಾವುದನ್ನು ನೋಡಬೇಕೆಂದು ಇಷ್ಟು ವರ್ಷ ಕಾದನೋ ಅದು ಹೊರಗೆ ಇರಲೇ ಇಲ್ಲ. ದೋಣಿ ಇಲ್ಲದಿದ್ದರೆ ಹೋಗಲಿ, ನೀರಾದರೂ ಇದೆಯೋ ಇಲ್ಲವೋ ಒಮ್ಮೆ ತಲೆ ಎತ್ತಿ ನೋಡಿಬಿಡೋಣ ಎನ್ನಿಸಿತು. ಕತ್ತಿನ ನರ ಬಿಗಿಯಿತು.

“ತಲೆ ಕೆಳಗೆ!” ಎಂದಳು ಯಾನಿ.

ಅವನು ಮುಖವನ್ನು ಮತ್ತೆ ತೂತಿನೊಳಕ್ಕೆ ಇಳಿಸಿದ.

“ನಾಯಿ ಬೊಗಳ್ತಿದೆಯಾ?” ಎಂದು ಯಾರೋ ಕೇಳಿದರು.

“ಇಲ್ಲ,” ಎಂದ ಲೇಂಡರ್ಟ್. “ಸುಮ್ಮನೆ ನೀರು ನೋಡ್ತಾ ಕೂತಿದೆ.”